ಹೆಲ್ಮೆಟ್ ಬಂದ ಬೇಸಿಗೆ

ಕಳೆದ ತಿಂಗಳು ನಮ್ಮ ಐಟಿಐ ಹುಡುಗರನ್ನು ಕರೆದುಕೊಂಡು ಬೆಂಗಳೂರಿನ ಒಂದು ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಒಂದು ಮಳಿಗೆಯಲ್ಲಿ ಕಣ್ಣಿಗೆ ಕಟ್ಟಿಕೊಂಡು ಆಡುವ ಆಟದ ಸಾಧನವಿತ್ತು. ಈಗಿನದಲ್ಲವೇ, ಹಗುರ, ವೈರಿನ ಗೋಜಿಲ್ಲ. ಹುಡುಗರೆಲ್ಲ ಆಡಿ ಮುಗಿಸಿ, "ನೀವೂ ಹಾಕ್ಕೊಳ್ಳಿ ಮೇಡಂ" ಎಂದು ಗಂಟುಬಿದ್ದರು. ಹಾಕಿಕೊಂಡೆ. ಒಳಗಿನ ಚಿತ್ರ ಕಾಣುವ ಮೊದಲೇ ಮೂಗಿಗೆ ವಾಸನೆ ಬಡಿಯಿತು. ಹತ್ತಾರು ಹಣೆಗಳ ಬೆವರು ಕುಡಿದ ಸ್ಪಂಜು, ಅದರ ಮೇಲೆ ಅವಸರದಲ್ಲಿ ಒರೆಸಿದ ಸ್ಪಿರಿಟ್ಟು. ಸುತ್ತ ಏನೇನೋ ಹಾರಾಡಲು ಶುರುವಾಯಿತು, ನಾನು ಒಂದನ್ನೂ ನೋಡಲಿಲ್ಲ. ಎರಡೇ ನಿಮಿಷಕ್ಕೆ ಕಳಚಿ ಕೊಟ್ಟೆ. "ತಲೆ ಸುತ್ತಿತಾ ಮೇಡಂ?" ಎಂದು ಹುಡುಗರು ನಕ್ಕರು. ಹೌದು ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಕಿಟಕಿ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಹೊಸಕೋಟೆ ದಾಟುವ ಹೊತ್ತಿಗೆ ಮಾಲೂರಿನ ಆ ಬೇಸಿಗೆ ಪೂರ್ತಿಯಾಗಿ ಬಂದು ಪಕ್ಕದಲ್ಲಿ ಕೂತಿತ್ತು.

ತೊಂಬತ್ತರ ದಶಕದ ಕೊನೆಯ ಬೇಸಿಗೆ ಅದು. ನಮ್ಮದು ಮುಳಬಾಗಿಲು. ನಾನು ಕೋಲಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಿನಿಂದ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ತಪ್ಪು, ಕೂರುವ ಜಾಯಮಾನ ನನ್ನದಲ್ಲ. ಅಪ್ಪನ ರೇಡಿಯೊ, ಅಮ್ಮನ ಮಿಕ್ಸಿ, ಪಕ್ಕದ ಮನೆಯವರ ಇಸ್ತ್ರಿಪೆಟ್ಟಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದೆ. "ಇವಳನ್ನ ಬಿಟ್ರೆ ನಮ್ಮನ್ನೂ ಬಿಚ್ಚಿ ನೋಡ್ತಾಳೆ" ಎಂದು ಅಮ್ಮ ಹೇಳಿಕೊಂಡು ತಿರುಗುತ್ತಿದ್ದಳು. ಕೋಲಾರದಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರ ಬಳಿ ಕೆಲಸ ಕೇಳಿಕೊಂಡು ಹೋಗಿದ್ದೆ. ಒಳ್ಳೆಯವರೇ. ಚಹಾ ಕೊಟ್ಟು, "ಹೆಣ್ಣುಮಕ್ಕಳನ್ನ ಬೆಂಚಿಗೆ ಕೂರಿಸಿದ್ರೆ ಗಿರಾಕಿ ನಂಬೋದಿಲ್ಲ ಬೇಟಿ" ಎಂದು ಕಳಿಸಿದ್ದರು. ಆ ಚಹಾದ ಸಿಟ್ಟು ಎಂಟು ತಿಂಗಳಾದರೂ ಇಳಿದಿರಲಿಲ್ಲ.

ಅಂಥ ಹೊತ್ತಿನಲ್ಲಿ ಗೋಪಿ ಮಾವ ಫೋನು ಮಾಡಿದರು. ಅವರು ಅಮ್ಮನ ತಮ್ಮ. ಮಾಲೂರಿನ ಬಸ್ ನಿಲ್ದಾಣದ ಹಿಂದೆ ವಿಡಿಯೊ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದರು. ಮನೆಮನೆಗೂ ಕೇಬಲ್ ಬಂದ ಮೇಲೆ ಕ್ಯಾಸೆಟ್ಟು ಕೇಳುವವರಿರಲಿಲ್ಲ, ಎರಡು ವಿಡಿಯೊ ಗೇಮ್ ಇಟ್ಟುಕೊಂಡು ಅಂಗಡಿ ತೂಗಿಸುತ್ತಿದ್ದರು. ಬೆಂಗಳೂರಿನಲ್ಲಿ ಯಾವುದೋ ಆಟದ ಸೆಂಟರ್ ಮುಚ್ಚುವಾಗ ಅಲ್ಲಿದ್ದ ಒಂದು ಯಂತ್ರದ ಮೇಲೆ ಮಾವನ ಮನಸ್ಸು ಬಿದ್ದಿತ್ತು. "ತಲೆಗೆ ಹೆಲ್ಮೆಟ್ ಹಾಕ್ಕೊಂಡ್ರೆ ಆಟದ ಒಳಗೇ ಹೋಗ್ತೀವಂತೆ ಕಣೇ ವೇಣಿ. ಆದ್ರೆ ಓಡ್ತಿಲ್ಲ. ನೀನು ಓದಿರೋದು ಇದನ್ನೇ ಅಲ್ವಾ? ಬಾ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಕೋಲಾರದ ಸಾಹೇಬ್ರಿಗೂ ಹೇಳಿದೀನಿ. ಹುಡುಗಿ ಅದನ್ನ ನೆಟ್ಟಗೆ ಮಾಡಿದ್ರೆ ನನ್ನ ಬೆಂಚಲ್ಲಿ ಜಾಗ ಕೊಡ್ತೀನಿ ಅಂದಿದಾರೆ. ನಾನು ಹೂಂ ಅಂದ್ರೆ ಸಾಕಂತೆ ಅವ್ರಿಗೆ" ಎಂದರು. ಸಂಜೆಯ ಬಸ್ಸಿಗೆ ಬಟ್ಟೆ ತುಂಬಿಕೊಂಡು ಹೊರಟೆ.

ಯಂತ್ರವನ್ನು ಮಾವಿನಕಾಯಿ ಲಾರಿಯ ಹಿಂದೆ ಹಾಕಿಕೊಂಡು ತಂದಿದ್ದರು. ಮೊಣಕಾಲೆತ್ತರದ ಒಂದು ಕಟ್ಟೆ, ಅದರ ಸುತ್ತ ಸೊಂಟದ ಮಟ್ಟಕ್ಕೆ ಒಂದು ಬಳೆ, ಆಡುವವರು ಬೀಳದಂತೆ. ಒಳಗೆ ನಿಂತು ಹಾಕಿಕೊಳ್ಳಬೇಕಾದ ಹೆಲ್ಮೆಟ್ಟು ಕುಂಬಳಕಾಯಿಯಷ್ಟು ಭಾರ. ಅದರೊಳಗೆ ಎರಡು ಪುಟ್ಟ ಪರದೆ, ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಎರಡರಲ್ಲೂ ಒಂದೇ ನೋಟ, ಆದರೆ ಚೂರು ಓರೆ ವ್ಯತ್ಯಾಸ. ಎರಡು ಕಣ್ಣೂ ಸೇರಿ ನೋಡಿದಾಗ ಚಿತ್ರ ಹಲಗೆಯಂತೆ ಉಳಿಯದೆ ಉಬ್ಬಿ ಬಂದು ಎದುರಿಗೆ ನಿಲ್ಲುತ್ತಿತ್ತು. ಕೈಗೆ ಒಂದು ಹಿಡಿ ಕೊಡುತ್ತಿದ್ದೆವು. ಹಾಳುಬಿದ್ದ ಕೋಟೆಯೊಳಗೆ ತೇಲುವ ಚೆಂಡುಗಳನ್ನು ಆ ಹಿಡಿಯಿಂದ ಹಿಡಿಯಬೇಕು, ಹಾರಿ ಬರುವ ಬಾವಲಿಗಳಿಂದ ತಪ್ಪಿಸಿಕೊಳ್ಳಬೇಕು, ಆಟ ಅಷ್ಟೇ. ಹೊರಗೆ ನಿಂತವರಿಗೆ ನೋಡಲು ಪಕ್ಕದಲ್ಲೊಂದು ಟಿ.ವಿ., ಅದರಲ್ಲಿ ಬಲಗಣ್ಣಿನ ಚಿತ್ರ ಮಾತ್ರ ಬರುತ್ತಿತ್ತು.

ಹನ್ನೊಂದು ದಿನ ಬಿಚ್ಚಿದೆ, ಬೆಸೆದೆ, ಮತ್ತೆ ಬಿಚ್ಚಿದೆ. ತಗಡಿನ ಶೀಟಿನ ಕೆಳಗೆ ಆ ಬಿಸಿಲಿನಲ್ಲಿ ಸಾಲ್ಡರಿಂಗ್ ಕಡ್ಡಿ ಹಿಡಿದು ಕೂತರೆ ಕಡ್ಡಿ ಯಾವುದು, ಕೈ ಯಾವುದು ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಹೋದಾಗ ಸುಮ್ಮನಿರಲಾರದೆ ಬಸ್ ನಿಲ್ದಾಣ ಸುತ್ತಿ ಬರುತ್ತಿದ್ದೆ. ಹನ್ನೆರಡನೆಯ ದಿನ ಪರದೆಗಳು ಹೊತ್ತಿಕೊಂಡವು. ಯಂತ್ರ ಶುರುವಾದ ಕೂಡಲೇ ಮೊದಲು ಒಂದು ಪರೀಕ್ಷೆಯ ಚಿತ್ರ ಬರುತ್ತಿತ್ತು: ಎಡಗಣ್ಣಿಗೆ ದೊಡ್ಡದೊಂದು ಸೊನ್ನೆ, ಬಲಗಣ್ಣಿಗೆ ಒಂದು ಪ್ಲಸ್ಸು. ಎರಡು ಪರದೆಯೂ ಸರಿಯಿದ್ದರೆ ಸೊನ್ನೆಯೊಳಗೆ ಪ್ಲಸ್ಸು ಕಾಣಬೇಕು. ನನಗೆ ಕಂಡಿತು. ಹೆಲ್ಮೆಟ್ ಕಳಚದೆಯೇ ಕೂಗಿಕೊಂಡೆ. ಪಕ್ಕದ ಟೀ ಅಂಗಡಿಯ ಮುನಿಯಪ್ಪ, ಹುಡುಗಿಗೆ ಕರೆಂಟು ಹೊಡೆಯಿತೆಂದು ಒಣಗಿದ ಕೋಲು ಹಿಡಿದುಕೊಂಡು ಓಡಿ ಬಂದ.

ಮಾಲೂರಿನವರು ಆ ಯಂತ್ರವನ್ನು ಬರಮಾಡಿಕೊಂಡ ರೀತಿಯೇ ಬೇರೆ. ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ಕಟ್ಟೆ ಹತ್ತುತ್ತಿದ್ದರು. ಕೆಲವರು ಕಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹಣೆಯ ಕುಂಕುಮ, ವಿಭೂತಿ, ತಲೆಯ ಕೊಬ್ಬರಿ ಎಣ್ಣೆ ಎಲ್ಲವೂ ಸ್ಪಂಜಿಗೆ ಮೆತ್ತಿಕೊಂಡು, ನಾನು ದಿನಕ್ಕೆ ಹತ್ತು ಸಲ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ. ನಂಗಲಿಯ ಲಾರಿ ಡ್ರೈವರೊಬ್ಬರು ಎದುರಿಗೆ ಬಾವಲಿ ಬಂದಾಗಲೆಲ್ಲ ಬಲಗಾಲಿನಿಂದ ಬ್ರೇಕು ಒತ್ತುತ್ತಿದ್ದರು. ಒಮ್ಮೆ ಆಟದ ನಡುವೆ ಕರೆಂಟು ಹೋಗಿ, ಒಳಗಿದ್ದವರು "ಅಯ್ಯೋ ನನ್ನ ಕಣ್ಣು ಹೋಯ್ತು" ಎಂದು ಕೂಗಿಕೊಂಡು ಬಳೆಯ ಸಮೇತ ಓಡಲು ನೋಡಿದರು. ಆಟ ಬಿಡುವ ಮೊದಲು ನಾನು ಪ್ರತಿಯೊಬ್ಬರನ್ನೂ "ಏನ್ ಕಾಣ್ತಿದೆ?" ಎಂದು ಕೇಳುತ್ತಿದ್ದೆ. "ಸೊನ್ನೆ ಒಳಗೆ ಪ್ಲಸ್ಸು" ಎಂದ ಮೇಲೆಯೇ ಗುಂಡಿ ಒತ್ತುವುದು. ಅದು ಎಷ್ಟು ರೂಢಿಯಾಯಿತೆಂದರೆ ಬಸ್ ನಿಲ್ದಾಣದಲ್ಲಿ ಜನ ಒಬ್ಬರನ್ನೊಬ್ಬರು ಹಾಗೆಯೇ ಮಾತಾಡಿಸತೊಡಗಿದರು. ಮಾವ ಮಾತ್ರ ಒಂದು ದಿನವೂ ತಲೆ ಕೊಡಲಿಲ್ಲ. ಉಯ್ಯಾಲೆ ನೋಡಿದರೇ ಅವರಿಗೆ ಹೊಟ್ಟೆ ತೊಳಸುತ್ತಿತ್ತು.

ವೀರಾಚಾರರು ಬಂದದ್ದು ಮಾವಿನ ಸೀಸನ್ನು ಏರುವ ಹೊತ್ತಿಗೆ. ಶಿವಾರಪಟ್ಟಣದ ಶಿಲ್ಪಿಗಳು, ಮಾವನಿಗೆ ಹಳೆಯ ಸ್ನೇಹಿತರು. ಮಾಲೂರಿಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಕೂತು ಟೀ ಕುಡಿದೇ ಹೋಗುವುದು ಅವರ ಪದ್ಧತಿ. ಐವತ್ತೈದರ ಆಸುಪಾಸು, ಸಣಕಲು ಮೈ, ರೆಪ್ಪೆಯ ಮೇಲೂ ಕಲ್ಲಿನ ಧೂಳು. ಅವರ ಕೆತ್ತನೆಗಿಂತ ಅವರು ಕಣ್ಣು ತೆರೆಸುವುದಕ್ಕೆ ಹೆಸರು. ವಿಗ್ರಹ ಗುಡಿ ಸೇರುವವರೆಗೆ ಕಣ್ಣಿನ ಗೊಂಬೆ ಕೆತ್ತಿರುವುದಿಲ್ಲ. ಪ್ರತಿಷ್ಠೆಯ ದಿನ ಪರದೆ ಎಳೆದ ಮೇಲೆ ಶಿಲ್ಪಿ ಒಬ್ಬನೇ ಒಳಗೆ ಹೋಗಿ ಸಣ್ಣ ಉಳಿಯಿಂದ ಎರಡು ಕಣ್ಣನ್ನೂ ತೆರೆಸಿ, ಆ ನೋಟಕ್ಕೆ ಸಿಗದಂತೆ ಪಕ್ಕಕ್ಕೆ ಸರಿದು ಬರುತ್ತಾನೆ. ದೇವರು ಮೊದಲು ನೋಡುವುದು ಕನ್ನಡಿಯನ್ನು, ಆಮೇಲೆ ಹಸು ಕರುವನ್ನು. ಆಚಾರರು ತೆರೆಸಿದ ಕಣ್ಣು ಗುಡಿಯ ಯಾವ ಮೂಲೆಯಲ್ಲಿ ನಿಂತರೂ ನಮ್ಮನ್ನೇ ನೋಡುತ್ತದೆ ಎನ್ನುತ್ತಿದ್ದರು. ಆ ಬೇಸಿಗೆ ಯಲ್ದೂರಿನ ಹೊಸ ಗುಡಿಗೆ ಚೆನ್ನಕೇಶವನ ವಿಗ್ರಹ ಒಪ್ಪಿಕೊಂಡಿದ್ದರು.

ಅವರನ್ನೂ ಕಟ್ಟೆ ಹತ್ತಿಸಿದೆ. "ಏನ್ ಕಾಣ್ತಿದೆ ಆಚಾರ್ರೇ?"

"ಪ್ಲಸ್ಸು."

"ಸೊನ್ನೆ?"

"ಸೊನ್ನೆ ಯಾವ್ದಮ್ಮಾ? ಪ್ಲಸ್ಸು ಐತೆ ಅಷ್ಟೇ."

ಎಡಪರದೆ ಕೈಕೊಟ್ಟಿತು ಎಂದುಕೊಂಡೆ. ಇಳಿಸಿ ನಾನು ಹಾಕಿಕೊಂಡರೆ ಸೊನ್ನೆಯೂ ಇತ್ತು, ಪ್ಲಸ್ಸೂ ಇತ್ತು. ಮತ್ತೆ ಅವರಿಗೆ ಹಾಕಿದರೆ ಬರೀ ಪ್ಲಸ್ಸು. ಹಾಗಾದರೆ ಲೂಸ್ ಕನೆಕ್ಷನ್ನು. ಒಮ್ಮೆ ಇರುತ್ತದೆ, ಒಮ್ಮೆ ಹೋಗುತ್ತದೆ, ನನ್ನಂಥವರ ಪ್ರಾಣ ತೆಗೆಯುವುದಕ್ಕೆಂದೇ ಇರುವ ರೋಗ. ಆಚಾರರು ಆಟವನ್ನೂ ಆಡಿದರು. ತೇಲುವ ಚೆಂಡುಗಳ ಮುಂದೆಯೋ ಹಿಂದೆಯೋ ಕೈ ಬೀಸಿದರು, ಒಂದೂ ಸಿಗಲಿಲ್ಲ. "ಎದುರಿಗೇ ಬರ್ತದೆ ಅಂದ್ರಲ್ಲಯ್ಯಾ ಗೋಪಣ್ಣ, ನಂಗೇನೋ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ದಂಗಾಯ್ತು" ಎಂದು ನಕ್ಕು ಬಸ್ಸಿಗೆ ಹೋದರು. ನಾನು ಅಂಗಡಿ ಮುಚ್ಚಿಸಿ ಎರಡು ದಿನ ಹೆಲ್ಮೆಟ್ಟಿನ ಒಂದೊಂದು ಬೆಸುಗೆಯನ್ನೂ ತೆಗೆದು ಹಾಕಿದೆ. ತಪ್ಪು ಎಲ್ಲೂ ಸಿಗಲಿಲ್ಲ. ರಜೆಯ ಮಕ್ಕಳು ಬಂದು ಬಂದು ಹಿಂದಿರುಗುತ್ತಿದ್ದರು, ಮಾವ ಮುಖ ಗಂಟಿಕ್ಕಿಕೊಂಡಿದ್ದರು.

ಸಂತೆಯ ದಿನ ಆಚಾರರು ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಯಲ್ದೂರಿನ ನಾರಾಯಣಪ್ಪನವರಿದ್ದರು, ಗುಡಿಯ ಕಮಿಟಿಯ ಹಿರಿಯರು, ಮಾವಿನ ತೋಟದವರು. ವಿಗ್ರಹ ನೋಡಲು ಶಿವಾರಪಟ್ಟಣಕ್ಕೆ ಹೋಗಿ ವಾಪಸು ಊರಿಗೆ ಹೊರಟಿದ್ದವರನ್ನು ಆಚಾರರೇ ಟೀಗೆಂದು ಕರೆತಂದಿದ್ದರು. ಮುನಿಯಪ್ಪನೂ ಗ್ಲಾಸುಗಳ ಜೊತೆ ಅಲ್ಲೇ ನಿಂತ. ನಾನು ಆಚಾರರನ್ನು ಬಿಡಲಿಲ್ಲ. "ಈಗ ನೋಡಿ, ಪೂರ್ತಿ ಸರಿ ಮಾಡಿದೀನಿ" ಎಂದು ಹೆಲ್ಮೆಟ್ ಇಟ್ಟೆ.

"ಪ್ಲಸ್ಸು" ಎಂದರು ಆಚಾರರು. ಸ್ವಲ್ಪ ತಡೆದು, "ಅಷ್ಟೇ" ಎಂದರು.

ಮಾವ ಸಿಡಿದುಬಿಟ್ಟರು. "ಎರಡು ದಿನ ಅಂಗಡಿ ಮುಚ್ಚಿಸಿ ಏನು ಕಡಿದು ಕಟ್ಟೆ ಹಾಕಿದೆ? ಆಗಲ್ಲ ಅಂದ್ರೆ ಆಗಲ್ಲ ಅನ್ನು. ಸಾಹೇಬ್ರಿಗೆ ಏನಂತ ಹೇಳ್ಲಿ ನಾನು?"

ಅಷ್ಟು ಜನರ ಮುಂದೆ ಆ ಮಾತು. ಮೈ ಉರಿದುಹೋಯಿತು. ಹೆಲ್ಮೆಟ್ ಕಿತ್ತುಕೊಂಡು ನನ್ನ ತಲೆಗೆ ಇಟ್ಟುಕೊಂಡೆ. ಸೊನ್ನೆ, ಒಳಗೆ ಪ್ಲಸ್ಸು, ಸ್ಪಷ್ಟವಾಗಿ. ಎರಡು ದಿನದಿಂದ ಸಿಗದಿದ್ದ ತಪ್ಪು ಆ ಗಳಿಗೆಯಲ್ಲಿ ಸಿಕ್ಕಿತು. ಸಿಕ್ಕ ಖುಷಿಯನ್ನು ತಡೆದುಕೊಳ್ಳುವಷ್ಟು ತಾಳ್ಮೆ ನನ್ನಲ್ಲಿ ಎಂದಾದರೂ ಇತ್ತೇ? "ಮಷೀನ್ ಸರಿಯಾಗೇ ಇದೆ ಮಾವ! ಎಡಗಣ್ಣು ಕಾಣ್ದೇ ಇರೋದು ಆಚಾರ್ರಿಗೆ!" ಎಂದು ಕೂಗಿದೆ.

ಆಚಾರರು ಟವೆಲಿನಿಂದ ಮುಖ ಒರೆಸಿಕೊಂಡು, "ಬಿಸಿಲಿಂದ ಬಂದ್ನಲ್ಲ, ಕಣ್ಣು ಮಂಜಾಗಿರ್ಬೇಕು" ಎಂದು ನಕ್ಕರು. ನಾರಾಯಣಪ್ಪನವರು ನಗಲಿಲ್ಲ. ಕೈಯಲ್ಲಿದ್ದ ಟೀ ಗ್ಲಾಸನ್ನು ಅರ್ಧಕ್ಕೇ ಕೆಳಗಿಟ್ಟರು. "ಏಮಮ್ಮಾ, ನಿಜಾನಾ?" ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ಕೇಳಿದರು. ನಾನು ಹೆಲ್ಮೆಟ್ ಒರೆಸತೊಡಗಿದೆ. "ನಮ್ಮ ಕಡೆ ಅಂಗ ಊನ ಇರೋರು ದೇವ್ರ ಕಣ್ಣು ತೆರೆಸಂಗಿಲ್ಲ ಆಚಾರ್ರೇ. ನಾನು ಕಮಿಟಿಗೆ ಜವಾಬು ಹೇಳ್ಬೇಕು" ಎಂದು ಅವರು ಎದ್ದರು. ಆಚಾರರು ಅವರ ಹಿಂದೆಯೇ ನಡೆದರು.

ಮುಂದಿನ ಮೂರು ದಿನ ನಾನು ನಿಂತಲ್ಲಿ ನಿಲ್ಲಲಿಲ್ಲ. ಮುಳಬಾಗಿಲಿಗೆ ಹೋದೆ, ಅಮ್ಮ ಯಾಕೆ ಬಂದೆ ಎಂದು ಕೇಳುವ ಮೊದಲೇ ವಾಪಸು ಬಸ್ಸು ಹತ್ತಿದೆ. ಅಂಗಡಿಯಲ್ಲಿ ಮಕ್ಕಳ ಮೇಲೆ ರೇಗಿದೆ. ಅನ್ನ ಕಲಸಿ ಎದ್ದು ಹೋದೆ. ಮಾವ ಒಂದೇ ಮಾತು ಹೇಳಿದ್ದರು: "ಅವ್ರ ಕಣ್ಣಿಗೇನೂ ಆಗಿಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ ನಾನು. ನಿನ್ನ ಕೈಲಾಗದ್ದನ್ನ ಅವ್ರ ಮೇಲೆ ಹಾಕ್ಬೇಡ." ಅದು ನನ್ನನ್ನು ಇನ್ನಷ್ಟು ಚುಚ್ಚಿತು. ನಾಲ್ಕನೆಯ ದಿನ ತಡೆಯಲಾರದೆ ಶಿವಾರಪಟ್ಟಣಕ್ಕೆ ಹೋದೆ.

ಊರು ಸಮೀಪಿಸುವ ಮೊದಲೇ ಉಳಿ ಸುತ್ತಿಗೆಯ ಸದ್ದು ಬಸ್ಸಿನೊಳಕ್ಕೆ ಬರುತ್ತದೆ. ಆಚಾರರು ಚಪ್ಪರದ ಕೆಳಗೆ ಚೆನ್ನಕೇಶವನ ಎದುರಿಗೆ ಕೂತು ಹಾರದ ಎಸಳು ನಯ ಮಾಡುತ್ತಿದ್ದರು. ಜೊತೆಗಾರರು ನಾಲ್ವರು ಆಚೆ ಬೇರೆ ಕಲ್ಲುಗಳ ಮೇಲೆ ಕೆಲಸದಲ್ಲಿದ್ದರು. ನನ್ನನ್ನು ಕಂಡು ಬೈಯುತ್ತಾರೆಂದುಕೊಂಡೆ. ಮಜ್ಜಿಗೆ ತರಿಸಿದರು. ನಾನು ಕುಡಿಯದೆ, "ತಪ್ಪಾಯ್ತು ಆಚಾರ್ರೇ" ಎಂದೆ.

"ತಪ್ಪೇನೈತಮ್ಮ ಅದ್ರಾಗೆ? ನೀನು ಹೇಳಿದ್ದು ದಿಟ. ಮೂರು ವರ್ಷದ ಹಿಂದೆ ಇಲ್ಲೇ, ಇದೇ ಜಾಗದಾಗೆ, ಸುತ್ತಿಗೆ ಚಕ್ಕೆ ಹಾರಿ ಕಣ್ಣಿಗೆ ಹೊಡೀತು. ಒಳಗಿನ ಪರದೆ ಹರಿದೈತೆ ಅಂದ್ರು ಕೋಲಾರದ ಡಾಕ್ಟ್ರು. ಹೊರಗಿಂದ ನೋಡೋರಿಗೆ ಏನೂ ಗೊತ್ತಾಗಲ್ಲ. ನನ್ನ ಹೆಂಡ್ತಿಗೆ ಗೊತ್ತು, ಈಗ ನಿಂಗೆ ಗೊತ್ತು."

"ಮತ್ತೆ ಮೂರು ವರ್ಷದಿಂದ?"

"ಹನ್ನೊಂದು ದೇವ್ರಿಗೆ ಕಣ್ಣು ತೆರೆಸಿದೀನಿ. ಒಂದು ದೇವ್ರೂ ನಂಗೆ ಕಾಣಿಸ್ತಿಲ್ಲ ಅಂತ ದೂರು ಹೇಳಿಲ್ಲ." ಅವರು ನಗುತ್ತಲೇ ನನ್ನ ಕೈ ಹಿಡಿದು ವಿಗ್ರಹದ ಮುಖದ ಮೇಲೆ ಇಟ್ಟರು. ಗೊಂಬೆಯಿಲ್ಲದ ಎರಡು ನುಣುಪಾದ ಉಬ್ಬುಗಳು. "ಬೆರಳಾಡ್ಸು. ಏರು ಇಳಿವು ಎಲ್ಲಾದ್ರೂ ಹೆಚ್ಚು ಕಮ್ಮಿ ಐತಾ? ಆಳ ನೋಡೋದು ನನ್ನ ಕಣ್ಣಲ್ಲಮ್ಮ, ಹೆಬ್ಬೆರಳು." ಎರಡೂ ಕಡೆ ಒಂದೇ ಸಮ ಇತ್ತು. ನನ್ನ ಬೆರಳಿಗೆ ಒಂದು ಕೂದಲಿನಷ್ಟೂ ವ್ಯತ್ಯಾಸ ಸಿಗಲಿಲ್ಲ.

"ಹೇಳಿಬಿಡಿ ಅವ್ರಿಗೆ, ಕೈಯಿಂದ ಮಾಡ್ತೀನಿ ಅಂತ" ಎಂದೆ.

"ಕೈ ಯಾರಿಗೆ ಬೇಕು? ನಾಳೆಯಿಂದ ಒಂಟಿಗಣ್ಣನ ದೇವ್ರು ಅಂತಾರೆ. ಆಗ್ಲೇ ತೆರೆಸಿರೋ ಹನ್ನೊಂದು ಗುಡಿಯೋರೂ ಬಂದು ಕೂತ್ಕತಾರೆ. ಈ ನಾಕು ಜನ ಎಲ್ಲಿಗೋಗ್ತಾರೆ?" ಎಂದು ಉಳಿಯ ತುದಿಯಿಂದ ಜೊತೆಗಾರರನ್ನು ತೋರಿಸಿದರು. ಮತ್ತೆ ಕಲ್ಲಿನ ಕಡೆ ತಿರುಗಿ, "ನಿನ್ನ ಮಷೀನೂ ಸರಿಯಾಗೈತೆ, ನನ್ನ ಕೈಯೂ ಸರಿಯಾಗೈತೆ. ಎರಡೂ ಒಂದೇ ಸಲ ಸರಿಯಾಗಿರಕ್ಕಾಗ್ತಿಲ್ವಲ್ಲ, ಅದೇ ಕಷ್ಟ" ಎಂದರು. ನಾರಾಯಣಪ್ಪನವರು ಶುಕ್ರವಾರ ಅಂಗಡಿಗೆ ಬಂದು ತಾವೇ ಹೆಲ್ಮೆಟ್ ಹಾಕಿಕೊಂಡು ನೋಡುತ್ತಾರಂತೆ. ಅವರಿಗೆ ಸೊನ್ನೆ ಕಂಡರೆ ಆಚಾರರ ಕಣ್ಣು ಹೋದದ್ದು ನಿಜ ಎಂದು ಕಮಿಟಿಯಲ್ಲಿ ಮಾತಾಗಿತ್ತು. ಹೀಗೆ ಮಾಡು, ಹಾಗೆ ಮಾಡು ಎಂದು ಆಚಾರರು ನನ್ನನ್ನು ಏನೂ ಕೇಳಲಿಲ್ಲ. ಬಸ್ಸಿನವರೆಗೂ ಬಂದು ಹತ್ತಿಸಿದರು. ಆಚಾರರು ತೀರಿಕೊಂಡು ಈಗ ಬಹಳ ವರ್ಷಗಳಾದವು, ಆ ನಾಲ್ವರೂ ತಂತಮ್ಮ ಚಪ್ಪರ ಹಾಕಿಕೊಂಡಿದ್ದಾರೆ. ಇನ್ನು ಬರೆದರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಗ್ಗೆಯಿಂದ ಮೋಡ ಕಟ್ಟಿ ಮಳೆ ಬಾರದೆ ಕುದಿಯುತ್ತಿತ್ತು. ನಾರಾಯಣಪ್ಪನವರು ಮಡಿಪಂಚೆಯಲ್ಲಿ ಬಂದರು, ಜೊತೆಯಲ್ಲಿ ಕಮಿಟಿಯ ಇನ್ನಿಬ್ಬರು. ಚಪ್ಪಲಿ ಬಿಟ್ಟರು, ಕಟ್ಟೆ ಮುಟ್ಟಿ ನಮಸ್ಕಾರ ಮಾಡಿದರು. ಅಲ್ಲಿಯವರೆಗೂ ನಾನು ಏನನ್ನೂ ತೀರ್ಮಾನಿಸಿರಲಿಲ್ಲ, ದೇವರಾಣೆ. ಆ ಹೆಲ್ಮೆಟ್ ನಾನು ಜೀವನದಲ್ಲಿ ಮೊದಲ ಸಲ ಒಬ್ಬಳೇ ಗೆದ್ದ ಕೆಲಸ. ಅದು ಸರಿಯಿದೆ ಎಂದು ಹಿರಿಯರೊಬ್ಬರು ನಾಲ್ಕು ಜನರ ಮುಂದೆ ಹೇಳಿದರೆ ಕೋಲಾರದ ಬೆಂಚು ನನ್ನದು. ಒಂದು ಮನಸ್ಸು, ಹೇಳಲಿ ಬಿಡು, ನಿಜ ತಾನೇ ಎನ್ನುತ್ತಿತ್ತು. ಬೆರಳಿಗೆ ಮಾತ್ರ ಆ ಎರಡು ನುಣುಪಾದ ಉಬ್ಬುಗಳ ನೆನಪು ಬಿಟ್ಟಿರಲಿಲ್ಲ.

"ಒಂದ್ನಿಮಿಷ, ಸ್ಪಂಜು ಒರೆಸಿಕೊಡ್ತೀನಿ" ಎಂದು ಬೆನ್ನು ತಿರುಗಿಸಿದೆ. ಹೆಲ್ಮೆಟ್ಟಿನ ಹಿಂದಿನ ಮುಚ್ಚಳದ ಕೆಳಗೆ ಎರಡು ಪಟ್ಟಿ ವೈರುಗಳಿದ್ದವು. ಎಡಗಣ್ಣಿನದನ್ನು ಉಗುರಿನಿಂದ ಮೀಟಿ ಎಳೆದೆ. ಕ್ಷಣದ ಕೆಲಸ. ಹೆಲ್ಮೆಟ್ ಅವರ ತಲೆಗೆ ಇಟ್ಟು, ಎಂದಿನಂತೆ ಕೇಳಿದೆ: "ಏನ್ ಕಾಣ್ತಿದೆ?"

"ಪ್ಲಸ್ಸು."

"ಸೊನ್ನೆ?"

"ಲೇದಮ್ಮಾ. ಎಡಗಡೆ ಪೂರ್ತಿ ಕತ್ತಲು." ಅವರು ಹೆಲ್ಮೆಟ್ ತೆಗೆದಾಗ ಮುಖದಲ್ಲಿ ಎಂಥ ನೆಮ್ಮದಿ! ಜೊತೆಯವರಿಬ್ಬರೂ ಒಬ್ಬರಾದ ಮೇಲೊಬ್ಬರು ನೋಡಿ ಹಾಗೆಯೇ ಹೇಳಿದರು. "ಅಯ್ಯೋ ರಾಮ, ಈ ಡಬ್ಬದ ಮಾತು ಕೇಳಿ ಆಚಾರ್ರನ್ನ ಅನುಮಾನ ಪಟ್ವಲ್ಲಪ್ಪ" ಎಂದು ನಾರಾಯಣಪ್ಪನವರು ಕೆನ್ನೆ ಬಡಿದುಕೊಂಡರು. ನನ್ನ ಕಡೆ ತಿರುಗಿ, "ಚಿಕ್ಕೋಳು ನೀನು, ಬಿಡು. ಇನ್ಮೇಲೆ ದೊಡ್ಡೋರ ವಿಷ್ಯದಾಗೆ ನಾಲಿಗೆ ಹಿಡ್ಕೊಂಡ್ ಮಾತಾಡು" ಎಂದರು. ಹೂಂ ಎಂದೆ. ಸೋಮವಾರ ಬೆಳಗ್ಗೆ ಆಚಾರರೇ ಕಣ್ಣು ತೆರೆಸುವುದೆಂದು ಅಲ್ಲೇ ಮಾತು ಮುಗಿಯಿತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಈಗಲೂ ತರಗತಿಯಲ್ಲಿ ಪಾಠ ಮಾಡುತ್ತೇನೆ. ಹೇಳಿಸಿದವಳು ನಾನು ಎನ್ನುವುದನ್ನು ಪಾಠದಲ್ಲಿ ಸೇರಿಸುವುದಿಲ್ಲ.

ಅವರು ಹೋದ ಮೇಲೆ ಮಾವ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಇದನ್ನ ಕಟ್ಟಿಡೋಣ. ಇರೋ ಎರಡು ಗೇಮ್ ಸಾಕು" ಎಂದು ಮನೆಗೆ ನಡೆದರು. ನಾನು ಶಟರ್ ಎಳೆಯುವ ಮೊದಲು ಹೆಲ್ಮೆಟ್ ಕೈಗೆತ್ತಿಕೊಂಡೆ. ಕಿತ್ತ ವೈರು ಹಾಗೆಯೇ ನೇತಾಡುತ್ತಿತ್ತು. ಬಿಟ್ಟು ಹೋಗಬೇಕಿತ್ತು. ಆದರೆ ಬಿಚ್ಚಿದ್ದನ್ನು ಬಿಚ್ಚಿದಂತೆಯೇ ಬಿಟ್ಟು ಹೋಗುವುದು ನನ್ನ ಕೈಗೆ ಅಭ್ಯಾಸವಿಲ್ಲ. ಹೇಗೂ ಬೆಳಗ್ಗೆ ಮೂಟೆ ಸೇರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡು ವೈರನ್ನು ಅದರ ಜಾಗಕ್ಕೆ ಒತ್ತಿ ಮುಚ್ಚಳ ಹಾಕಿದೆ.

ಶನಿವಾರ ನಾನು ಅಂಗಡಿಗೆ ಬರುವ ಹೊತ್ತಿಗೆ ಮಾವ ಗೋಣಿಚೀಲ, ಹಗ್ಗ ತಂದಿಟ್ಟಿದ್ದರು. ಮುನಿಯಪ್ಪ ಕೈಜೋಡಿಸಲು ಬಂದಿದ್ದ. ಸಂತೆಗೆ ಬೇಗ ಬಂದ ಐದಾರು ಜನ ಬಾಗಿಲಲ್ಲಿ ನಿಂತಿದ್ದರು. ಮುನಿಯಪ್ಪನಿಗೆ ಒಂದು ಮಾತು ಗೊತ್ತಾದರೆ ಮಧ್ಯಾಹ್ನದ ಬಸ್ಸಿಗೆ ಅದು ಯಲ್ದೂರಿನ ಪಕ್ಕದ ಶ್ರೀನಿವಾಸಪುರ ಮುಟ್ಟುತ್ತದೆ ಎಂದು ಮಾಲೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. "ಅಷ್ಟು ಆಸೆ ಬಿದ್ದು ತಂದೆ, ಒಂದ್ಸಲನಾದ್ರೂ ಹಾಕ್ಕಳಣ್ಣ. ಹೆಂಗೂ ಅರ್ಧ ಕೆಟ್ಟೈತೆ, ತಲೆ ಅರ್ಧನೇ ಸುತ್ತೋದು" ಎಂದು ಅವನು ನಕ್ಕು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಹೆಲ್ಮೆಟ್ ಎತ್ತಿ ಮಾವನ ತಲೆಗೆ ಇಟ್ಟೇಬಿಟ್ಟ. ಇನ್ನೊಂದು ಕೈಯಲ್ಲಿ ಸ್ವಿಚ್ಚು ಹಾಕಿದ. ಮಾವ ಇದ್ದದ್ದನ್ನು ಇದ್ದಂತೆ ಹೇಳುವವರು. ಕ್ಯಾಸೆಟ್ಟಿನ ರೀಲು ಒಂದು ಕಡೆ ಸವೆದಿದ್ದರೂ ಗಿರಾಕಿಗೆ ಮೊದಲೇ ತಿಳಿಸಿ ಕೊಡುತ್ತಿದ್ದವರು.

ಪಕ್ಕದ ಟಿ.ವಿ.ಯಲ್ಲಿ ಪ್ಲಸ್ಸು ಬಂತು. ಮಾವ ಎರಡೂ ಕೈಯಲ್ಲಿ ಬಳೆಯನ್ನು ಬಿಗಿಯಾಗಿ ಹಿಡಿದು ಅಲುಗಾಡದೆ ನಿಂತಿದ್ದರು. ಆಮೇಲೆ ಬಲಗೈ ನಿಧಾನವಾಗಿ ಮೇಲೆದ್ದಿತು. ತೋರುಬೆರಳು ಗಾಳಿಯಲ್ಲಿ ಎಡದಿಂದ ಸುತ್ತಿಕೊಂಡು ಮೇಲಕ್ಕೆ ಹೋಯಿತು, ಬಲಕ್ಕೆ ಇಳಿಯಿತು, ಕೆಳಗೆ ಬಂದು ಸೇರಿತು. ಒಂದು ದೊಡ್ಡ ಸೊನ್ನೆ. ಬೆರಳು ಅಲ್ಲೇ ನಿಂತಿತು. ಅವರಿಗೆ ಎಲ್ಲವೂ ತಿಳಿದುಹೋಯಿತು ಎಂದು ನನಗೆ ಗೊತ್ತಾಯಿತು, ನನ್ನ ಕೆಲಸ, ಸ್ನೇಹಿತನ ಕಣ್ಣು, ಶುಕ್ರವಾರದ ಸುಳ್ಳು, ಎಲ್ಲವೂ. ನಾನು ಮನಸ್ಸಿನಲ್ಲೇ ಮಾವನ ಕಾಲು ಹಿಡಿದುಕೊಂಡೆ.

"ಏನಣ್ಣ, ಐತಾ ಸೊನ್ನೆ?" ಎಂದ ಮುನಿಯಪ್ಪ. ಬಾಗಿಲಲ್ಲಿದ್ದವರು ಕತ್ತು ಚಾಚಿದರು.

ಮಾವ ಕೈ ಇಳಿಸಿದರು. ಹೆಲ್ಮೆಟ್ ಕಳಚಿ, ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

"ಇಲ್ಲ ಕಣೋ. ಬರೀ ಪ್ಲಸ್ಸು" ಎಂದರು. "ನಮ್ಮ ಹುಡುಗಿ ಕೈಲಿ ಆಗ್ಲಿಲ್ಲ."

ನಾನು ಹೆಲ್ಮೆಟ್ಟನ್ನು ಎರಡೂ ಕೈಯಿಂದ ಇಸಿದುಕೊಂಡೆ. ಅಳು ಒತ್ತರಿಸಿ ಬಂತು. "ಅಳಬ್ಯಾಡಮ್ಮಾ, ಎಲ್ರಿಗೂ ಎಲ್ಲಾ ಬರಲ್ಲ" ಎಂದು ಮುನಿಯಪ್ಪ ಬೆನ್ನು ಸವರಿ, ನನಗೆಂದು ಟೀ ತರಲು ಹೋದ.